ಕಡೂರು ತಾಲ್ಲೂಕಿನ ಏಕೈಕ ಹಡಗು ಕಾರ್ಮಿಕ

ಕಡೂರಿನಿಂದ ಸಮುದ್ರ ಎಷ್ಟು ದೂರವೆಂದು ಯಾರೂ ಅಳೆದಿರಲಿಲ್ಲ. ಅಳೆಯಬೇಕಾದ ಪ್ರಸಂಗವೇ ಬಂದಿರಲಿಲ್ಲ. ಈ ಸೀಮೆಯ ಜನ ಎಲ್ಲಿಗಾದರೂ ಹೋಗಬೇಕೆಂದರೆ ಬೀರೂರಿಗೆ ಬಂದು ರೈಲು ಹತ್ತುತ್ತಿದ್ದರು, ಇಲ್ಲವೇ ಬಸ್ಸು ಹಿಡಿಯುತ್ತಿದ್ದರು, ಎರಡೂ ತಪ್ಪಿದರೆ ನಾಳೆ ಹೋಗುತ್ತಿದ್ದರು. ಹಡಗಿಗೆ ಕಾದು ನಿಂತವರನ್ನು ಯಾರೂ ಕಂಡಿರಲಿಲ್ಲ.

ಆದರೂ ೧೯೮೩ನೇ ಇಸವಿ ಜೂನ್ ತಿಂಗಳ ಒಂದು ಮಂಗಳವಾರ ಕಡೂರಿನ ಅಂಕಿ ಕ್ರೋಡೀಕರಣ ಉಪಕಚೇರಿಗೆ ಹೀಗೊಂದು ಸುತ್ತೋಲೆ ಬಂತು: ‘ತಮ್ಮ ವ್ಯಾಪ್ತಿಯ ಕಡೂರು, ತರೀಕೆರೆ ಹಾಗೂ ಅಜ್ಜಂಪುರ ಭಾಗಗಳಲ್ಲಿ ಹಡಗು ಕಟ್ಟುವ, ಹಡಗು ರಿಪೇರಿ ಮಾಡುವ ಮತ್ತು ಹಡಗು ನಡೆಸುವ ಕಾರ್ಮಿಕರ ಪೈಕಿ, ಅಪಾಯಕಾರಿ ಕೃತಕ ಬೆಳಕಿಗೂ ಲೇಸರ್ ಕಿರಣಗಳಿಗೂ ಒಡ್ಡಿಕೊಂಡವರ ಸಂಖ್ಯೆಯನ್ನು ಹದಿನೈದು ದಿನದೊಳಗಾಗಿ ತಿಳಿಸತಕ್ಕದ್ದು.’

ಈ ಉಪಕಚೇರಿ ಇದ್ದದ್ದು ಒಂದು ಕೊಬ್ಬರಿ ಮಂಡಿಯ ಮಹಡಿಯ ಮೇಲೆ, ಎರಡು ಕೋಣೆಗಳಲ್ಲಿ. ಸರ್ಕಾರಕ್ಕೆ ಏನನ್ನಾದರೂ ಎಣಿಸಬೇಕೆನ್ನಿಸಿದರೆ ಇಲ್ಲಿಗೆ ಬರೆಯುತ್ತಿತ್ತು. ಎಮ್ಮೆ ಎಷ್ಟು, ಬಾವಿ ಎಷ್ಟು, ಹೊಲಿಗೆ ಯಂತ್ರ ಎಷ್ಟು, ಗೊರಕೆ ಹೊಡೆಯದ ಮಾಸ್ತರರು ಎಷ್ಟು. ಕೊನೆಯದನ್ನು ಕೇಳಿರಲಿಲ್ಲ, ಕೇಳಿದ್ದರೆ ಅದಕ್ಕೂ ಉತ್ತರ ಹೋಗುತ್ತಿತ್ತು. ಕಚೇರಿಯ ಮುಖ್ಯಸ್ಥರು ಹನುಮಂತಯ್ಯನವರು. ಅವರದು ಸಹಿ ಮಾಡುವ ಕೆಲಸ. ಎಣಿಸುವವನು ಹಂಗಾಮಿ ಗುಮಾಸ್ತ ಸೋಮಶೇಖರಪ್ಪ.

ಅಜ್ಜಂಪುರದ ಈ ಸೋಮಶೇಖರಪ್ಪ ಆರು ವರ್ಷದಿಂದ ಹಂಗಾಮಿಯಾಗಿಯೇ ಇದ್ದ. ಅಷ್ಟರಲ್ಲಿ ಅವನಿಗೆ ಮದುವೆಯಾಯಿತು. ಹೆಂಡತಿ ಪಂಕಜಾಕ್ಷಿ ಹೆರಿಗೆಗೆಂದು ಬೀರೂರಿನ ತವರಿಗೆ ಹೋದಳು. ಗಂಡುಮಗುವಾಯಿತು. ಮಗುವಿಗೆ ಐದು ತಿಂಗಳು ತುಂಬಿ, ಬಾಣಂತನವೂ ಮುಗಿದು, ಇವನು ಕರೆಯಲು ಹೋದಾಗ ಕೊಬ್ಬರಿ ವ್ಯಾಪಾರಿಯಾದ ಮಾವ ತೀರ್ಥಪ್ಪನವರು ಜಗಲಿಯ ಮೇಲೆ ಕೂತುಕೊಂಡೇ ಮಾತು ಮುಗಿಸಿದ್ದರು.

“ಅಳಿಯಂದ್ರೇ, ನಿಮ್ಮ ಕೆಲ್ಸ ಕಾಯಂ ಆದ ದಿನ ಬನ್ನಿ, ನಾನೇ ಬಸ್ ಹತ್ತಿಸ್ತೀನಿ. ಹಂಗಾಮಿ ಗಂಡನ ಮನೆಗೆ ಕಾಯಂ ಮಗಳನ್ನ ಹೆಂಗ್ರೀ ಕಳಿಸ್ಲಿ?”

ಕಾಯಂ ಮಾಡುವ ಕಡತ ಜಿಲ್ಲೆಯಲ್ಲಿತ್ತು. ಸಂಕ್ರಾಂತಿಯೊಳಗೆ ತೀರ್ಮಾನವೆಂದು ಸುದ್ದಿ. ಅಲ್ಲಿಯವರೆಗೆ ಒಂದೇ ಒಂದು ತಪ್ಪು ಕಂಡರೂ ಕಡತ ಮುಚ್ಚುತ್ತದೆ. ಹೀಗಾಗಿ ಸೋಮಶೇಖರಪ್ಪ ಆ ದಿನಗಳಲ್ಲಿ ಉಸಿರನ್ನು ಕೂಡ ಕೇಳಿಕೊಂಡು ಬಿಡುತ್ತಿದ್ದ.

ಸುತ್ತೋಲೆಯನ್ನು ಎರಡು ಕೈಯಲ್ಲಿ ಹಿಡಿದು ಹನುಮಂತಯ್ಯನವರ ಮುಂದೆ ನಿಂತ. “ಸಾರ್, ನಮ್ಮಲ್ಲಿ ಹಡಗಿಲ್ಲ. ಸೊನ್ನೆ ಬರೀಲಾ?”

ಹನುಮಂತಯ್ಯನವರು ಕನ್ನಡಕದ ಮೇಲಿಂದ ನೋಡಿದರು. “ಹೋದ ವರ್ಷ ಒಂಟೆ ಲೆಕ್ಕಕ್ಕೆ ಸೊನ್ನೆ ಬರೆದ್ರಿ. ಏನಾಯ್ತು?”

“ಸೊನ್ನೆ ಏಕೆ ಅಂತ ವಿವರಣೆ ಕೇಳಿದ್ರು ಸಾರ್.”

“ಎಷ್ಟು ಸಲ?”

“ನಾಲ್ಕು ಸಲ. ಇನ್ನೊಂದು ಉಪಕಚೇರಿಯೋರು ಎರಡು ಒಂಟೆ ಅಂತ ಬರೆದು ಸುಮ್ನಾದ್ರು ಸಾರ್. ಅವರನ್ನ ಯಾರೂ ಏನೂ ಕೇಳ್ಲಿಲ್ಲ.”

“ಹೂಂ,” ಎಂದರು ಹನುಮಂತಯ್ಯ. ಅದಕ್ಕಿಂತ ಹೆಚ್ಚು ಹೇಳಿದರೆ ಆದೇಶವಾಗುತ್ತದೆ, ಆದೇಶಕ್ಕೆ ಜವಾಬ್ದಾರಿ ಅಂಟುತ್ತದೆ. ಮೂವತ್ತು ವರ್ಷದ ಸೇವೆಯಲ್ಲಿ ಅವರು ಈ ‘ಹೂಂ’ ಒಂದನ್ನೇ ನಂಬಿ ಬದುಕಿದವರು.

ಅಂಕಿ ಕಚೇರಿಗಳಲ್ಲಿ ದುಡಿದವರಿಗೆ ಇದು ಹೊಸತಲ್ಲ. ಸೊನ್ನೆ ಬರೆದವನು ಸೋಮಾರಿ, ಎಣಿಸಲು ಹೊರಗೆ ಹೋಗಿಯೇ ಇಲ್ಲ ಎಂದು ಮೇಲಿನವರ ಗುಮಾನಿ. ಸಣ್ಣದೊಂದು ಅಂಕಿ ಬರೆದರೆ, ಪಾಪ, ಬಿಸಿಲಲ್ಲಿ ಅಲೆದು ಹುಡುಕಿದ್ದಾನೆ ಎಂದು ಗೌರವ. ಸೋಮಶೇಖರಪ್ಪ ಪೆನ್ನಿನ ಕ್ಯಾಪು ತೆಗೆದ. ಎರಡು ಬರೆದರೆ ಹೆಚ್ಚಾಯಿತು. ‘ಒಂದು’ ಎಂದು ಬರೆದ. ಅಂಕಿಯಲ್ಲೂ ಅಕ್ಷರದಲ್ಲೂ.

“ಸಾರ್, ಲೇಸರ್ ಅಂದ್ರೆ ಏನು?”

“ಒಂಥರಾ ಬೆಳಕು ಕಣ್ರೀ. ಗೆರೆ ಎಳ್ದಂಗೆ ನೆಟ್ಟಗೆ ಹೋಗುತ್ತಂತೆ.”

“ಬೆಳಕು ಸೊಟ್ಟಗೆ ಹೋಗೋದು ಎಲ್ಲಿ ಸಾರ್?”

“ಬರೀರಿ ಸುಮ್ನೆ,” ಎಂದು ಹನುಮಂತಯ್ಯ ಸಹಿ ಹಾಕಿದರು.

ಮೂರು ತಿಂಗಳು ಏನೂ ಆಗಲಿಲ್ಲ. ಆಮೇಲೆ, ಸೆಪ್ಟೆಂಬರಿನಲ್ಲಿ, ಕಡಲ ತೀರದ ಒಂದು ಕಚೇರಿಯಿಂದ ಉದ್ದನೆಯ ಲಕೋಟೆ ಬಂತು. ‘ತಾವು ತಿಳಿಸಿರುವ ಒಬ್ಬ ಕಾರ್ಮಿಕನ ಹೆಸರು, ವಯಸ್ಸು, ಹಡಗಿನ ವಿವರ, ಬೆಳಕಿನ ಸ್ವರೂಪ ಹಾಗೂ ಲೇಸರ್ ಬಳಕೆಯ ಪ್ರಮಾಣವನ್ನು ಲಗತ್ತಿಸಿರುವ ನಮೂನೆಯಲ್ಲಿ ಭರ್ತಿ ಮಾಡುವುದು.’

ಸೋಮಶೇಖರಪ್ಪ ಆ ದಿನ ಊಟ ಬಿಟ್ಟ. ಮರುದಿನ ಊಟ ಮಾಡಿಕೊಂಡು ದೇವನೂರಿನ ಬಸ್ಸು ಹತ್ತಿದ. ದೇವನೂರು ಹೋಬಳಿಯಲ್ಲಿ ಗುಳ್ಳದಕೆರೆ ಎಂಬ ಕೆರೆ. ಮಳೆ ಹಿಡಿದು ಕೆರೆ ತುಂಬಿದರೆ ಆಚೆ ದಡದ ಊರಿನವರು ನಾಲ್ಕು ಮೈಲಿ ಸುತ್ತಬೇಕು. ಹಾಗೆ ಸುತ್ತಲಾರದವರನ್ನು ಕಲ್ಲಪ್ಪ ಎಂಬಾತ ಹರಿಗೋಲಿನಲ್ಲಿ ದಾಟಿಸುತ್ತಿದ್ದ. ಮೂರು ಭಾಗಗಳಲ್ಲಿ ನೀರಿನ ಮೇಲೆ ಕೂತು ಹೊಟ್ಟೆ ಹೊರೆಯುವ ಮನುಷ್ಯ ಸೋಮಶೇಖರಪ್ಪನಿಗೆ ತಿಳಿದಂತೆ ಇವನೊಬ್ಬನೇ.

“ಕಲ್ಲಪ್ಪಾ, ನಿನ್ನ ಹೆಸರು ಸರ್ಕಾರದಲ್ಲಿ ಬರ್ಕೊಳ್ತೀನಿ.”

ಕಲ್ಲಪ್ಪ ಹುಟ್ಟು ಕೆಳಗಿಟ್ಟ. “ಯಾಕ್ ಸ್ವಾಮಿ? ನಾನೇನು ಮಾಡಿದ್ದೆ?”

“ಒಳ್ಳೇದಕ್ಕೇ ಕಣಯ್ಯ. ನೀನು ಹಡಗಿನ ಕಾರ್ಮಿಕ ಅಂತ.”

ಕಲ್ಲಪ್ಪ ಹರಿಗೋಲನ್ನು ಒಮ್ಮೆ ನೋಡಿದ. ಅದರಲ್ಲಿ ಒಂದು ಮೇಕೆ ನಿಂತಿತ್ತು. “ಇದಾ?” ಎಂದ.

“ನೀರಲ್ಲಿ ತೇಲುತ್ತೆ ತಾನೆ? ಸಂಜೆ ಬೆಳಕಿಗೆ ಏನು ಇಟ್ಕೊಂತೀಯ?”

“ಪೆಟ್ರೋಮ್ಯಾಕ್ಸು. ಅದೂ ಹಬ್ಬಕ್ಕೆ, ಮದ್ವೆ ದಿಬ್ಬಣಕ್ಕೆ.”

ನಮೂನೆ ಭರ್ತಿಯಾಯಿತು. ಹೆಸರು ಕಲ್ಲಪ್ಪ. ವಯಸ್ಸು ಐವತ್ತರ ಸುಮಾರು. ಹಡಗಿನ ಸ್ವರೂಪ: ದುಂಡಗೆ. ಬೆಳಕಿನ ಸ್ವರೂಪ: ಪೆಟ್ರೋಮ್ಯಾಕ್ಸ್ ಹಾಗೂ ಇತರೆ. ಲೇಸರ್ ಬಳಕೆ: ಅಗತ್ಯ ಬಿದ್ದಾಗ.

‘ಹಾಗೂ ಇತರೆ’ ಎಂದು ಸೇರಿಸದಿದ್ದರೆ ಯಾವ ಗುಮಾಸ್ತನಿಗೂ ನಿದ್ದೆ ಬರುವುದಿಲ್ಲ. ಆದರೆ ಕಡಲ ತೀರದ ಕಚೇರಿಯವರ ನಿದ್ದೆ ಕೆಟ್ಟದ್ದೇ ಅದರಿಂದ. ನವೆಂಬರಿನಲ್ಲಿ ಮರದ ಪೆಟ್ಟಿಗೆಯೊಂದು ರೈಲಿನಲ್ಲಿ ಬಂದಿಳಿಯಿತು. ಒಳಗೆ ಒಂದು ಮುಖಕವಚ, ಕೊಡ ಬೋರಲು ಹಾಕಿದಂತೆ ತಲೆಯಿಂದ ಗದ್ದದವರೆಗೆ ಮುಚ್ಚುವಂಥದು, ಕಣ್ಣಿನ ಕಡೆ ಅಂಗೈಯಗಲ ಕಪ್ಪು ಗಾಜು. ಮೊಣಕೈವರೆಗೆ ಬರುವ ಚರ್ಮದ ಕೈಗವಸು ಒಂದು ಜೊತೆ. ಕತ್ತಿನಿಂದ ಮಂಡಿವರೆಗೆ ಇಳಿಬೀಳುವ ಚರ್ಮದ ಮುಂಗವಚ. ಜೊತೆಗೆ ಒಂದು ಚೀಟಿ: ‘ಕಾರ್ಮಿಕನು ಇವುಗಳನ್ನು ಧರಿಸಿ ಕೆಲಸ ಮಾಡುವುದನ್ನು ಖುದ್ದು ನೋಡಿ, ಹೆಬ್ಬೆಟ್ಟು ಪಡೆದು, ವರದಿ ಕಳುಹಿಸತಕ್ಕದ್ದು.’

ಕೆರೆಯ ದಡದಲ್ಲಿ ಕಲ್ಲಪ್ಪನ ಹೆಂಡತಿ ಅಂಬಮ್ಮ ಪೆಟ್ಟಿಗೆಯ ಒಳಗೆ ಇಣುಕಿದಳು. “ಇದೇನು ಸ್ವಾಮಿ, ನನ್ನ ಗಂಡನ್ನ ಯುದ್ಧಕ್ಕೆ ಕಳಿಸ್ತಾರಾ?”

“ಇಲ್ಲ ಕಣಮ್ಮ. ಬೆಳಕಿನಿಂದ ಕಾಪಾಡೋಕೆ.”

“ಬೆಳಕಿನಿಂದ ಕಾಪಾಡೋಕಾ?” ಅಂಬಮ್ಮ ಗಂಡನ ಕಡೆ ತಿರುಗಿದಳು. “ನಮ್ಮನೆಗೆ ಕರೆಂಟು ಕೊಡಿ ಅಂತ ಏಳು ವರ್ಷ ಓಡಾಡ್ದೆ. ಬೆಳಕೇ ಕೊಡ್ಲಿಲ್ಲ. ಈಗ ಬೆಳಕಿಗೆ ಅಡ್ಡ ಹಿಡಿಯೋಕೆ ಪೆಟ್ಟಿಗೆ ಕಳ್ಸವ್ರೆ ನೋಡು!”

ಕಲ್ಲಪ್ಪ ಎಲ್ಲವನ್ನೂ ಧರಿಸಿ ಹರಿಗೋಲು ಹತ್ತಿದ. ಆರು ಜನ, ಎರಡು ಮೇಕೆ, ಒಂದು ಹುಂಜ ಏರಿದವು. ಕಪ್ಪು ಗಾಜಿನೊಳಗಿಂದ ನಡುಮಧ್ಯಾಹ್ನದ ಸೂರ್ಯ ಹಸಿರು ಗುಂಡಿಯಂತೆ ಕಾಣುತ್ತಿದ್ದ. ಬೇರೆ ಏನೂ ಕಾಣುತ್ತಿರಲಿಲ್ಲ. ಹರಿಗೋಲು ಎಂಬುದು ಮೊದಲೇ ತಿರುಗುವ ಜಾತಿ. ನಡೆಸುವವನಿಗೆ ದಡ ಕಾಣದಿದ್ದರೆ ಕೇಳಬೇಕೇ? ಕೆರೆಯ ನಡುವೆ ಅದು ರಾಗಿ ಬೀಸುವ ಕಲ್ಲಿನಂತೆ ಸುತ್ತತೊಡಗಿತು.

“ಕಲ್ಲಪ್ಪಾ, ಎಡಕ್ಕೆ!” “ಲೇ, ಬಲಕ್ಕೆ ಕಣೋ!” “ಅಯ್ಯೋ ನನ್ನ ಹುಂಜ!” ಎಂದು ಒಳಗಿದ್ದವರು ಕೂಗಿಕೊಂಡರು.

ಮುಖಕವಚದ ಒಳಗಿನಿಂದ ಕಲ್ಲಪ್ಪನ ದನಿ ಬಾವಿಯಿಂದ ಬಂದಂತೆ ಬಂತು: “ಯಾರೂ ಅಲ್ಲಾಡ್ಬೇಡಿ! ಸರ್ಕಾರಿ ಕೆಲ್ಸ ನಡೀತಾ ಐತೆ!”

ದಡದಲ್ಲಿ ನಿಂತ ಸೋಮಶೇಖರಪ್ಪ ವರದಿ ಬರೆದ: ‘ಧರಿಸಿ ಕೆಲಸ ಮಾಡುವುದನ್ನು ಖುದ್ದು ನೋಡಲಾಯಿತು. ಕಾರ್ಮಿಕನ ಕಣ್ಣಿಗೆ ಯಾವುದೇ ಬೆಳಕು ತಲುಪುತ್ತಿಲ್ಲ.’ ಅವನು ಬರೆದ ಕಾಗದಗಳಲ್ಲಿ ಪೂರ್ತಿ ನಿಜವಾಗಿದ್ದದ್ದು ಇದೊಂದೇ. ಮುಕ್ಕಾಲು ಗಂಟೆಯ ಮೇಲೆ ಹರಿಗೋಲು ತಾನಾಗಿಯೇ ಹೊರಟ ದಡಕ್ಕೇ ಬಂದು ತಾಗಿತು. ಇಳಿದವರು ಕಲ್ಲಪ್ಪನನ್ನು ಬೈದು, ಸೋಮಶೇಖರಪ್ಪನನ್ನೂ ಬೈದು, ನಾಲ್ಕು ಮೈಲಿ ನಡೆದುಕೊಂಡು ಹೋದರು.

ಇಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಹೆಬ್ಬೆಟ್ಟು ಒತ್ತಿದ ಕಾಗದದ ಒಂದು ಪ್ರತಿ ಕಲ್ಲಪ್ಪನ ಬಳಿಯೇ ಉಳಿಯಿತು. ದೇವನೂರಿನಲ್ಲಿ ಓದು ಬಲ್ಲವರಿಂದ ಅವನು ಅದನ್ನು ಓದಿಸಿಕೊಂಡ. ‘ಹಡಗು ಕಾರ್ಮಿಕ’ ಎಂದು ಮೂರು ಕಡೆ ಅಚ್ಚಾಗಿತ್ತು. ಐವತ್ತು ವರ್ಷ ಅವನನ್ನು ಜನ ‘ಏ ಹರಿಗೋಲು’ ಎಂದು ಕರೆದಿದ್ದರು. ಈಗ ಸರ್ಕಾರವೇ ಬೇರೆ ಹೆಸರಿಟ್ಟು ಕರೆದಿತ್ತು. ಅವನು ಮೂರು ದಿನ ಕೆರೆಯ ಏರಿಯ ಮೇಲೆ ಕೂತಿದ್ದನೆಂದೂ, ನಾಲ್ಕನೆಯ ದಿನ ಎದ್ದು ಬೀರೂರಿಗೆ ಹೋದನೆಂದೂ ಆಮೇಲೆ ತಿಳಿಯಿತು. ಆಗ ಮಾತ್ರ ಇದು ಕಡೂರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಗೊತ್ತಾದದ್ದು ಬೇರೆಯದು. ಜನವರಿ ಮೊದಲ ವಾರ ತಂತಿ ಬಂತು. ‘ಕಾರ್ಮಿಕ ಹಾಗೂ ಹಡಗಿನ ಪರಿಶೀಲನೆಗೆ ಕಣ್ಣಿನ ವೈದ್ಯಾಧಿಕಾರಿ ಡಾಕ್ಟರ್ ಮಲ್ಲಿಕಾಂಬ ಗುರುವಾರ ಬರುತ್ತಾರೆ.’

ಹನುಮಂತಯ್ಯನವರು ತಂತಿಯನ್ನು ಎರಡು ಸಲ ಓದಿ, ಮೇಜಿನ ಮೇಲಿಟ್ಟು, ಅದರ ಮೇಲೆ ಕಾಗದ ಅದುಮುವ ಗುಂಡು ಇಟ್ಟರು. “ಸೋಮಶೇಖರಪ್ಪ, ನಮ್ಮ ವ್ಯಾಪ್ತಿಯಲ್ಲಿ ಹಡಗು ಇದೆಯೇನ್ರೀ?”

“ನೀವೇ ಸಹಿ ಮಾಡಿದ್ದೀರಿ ಸಾರ್.”

“ನಾನು ಸಹಿ ಮಾಡಿದ್ದು ಕಾಗದಕ್ಕೆ ಕಣ್ರೀ, ಹಡಗಿಗಲ್ಲ!”

“ಅವತ್ತು ನೀವು ‘ಹೂಂ’ ಅಂದ್ರಿ ಸಾರ್.”

“ಅದು ಕೆಮ್ಮು,” ಎಂದರು ಹನುಮಂತಯ್ಯ. ನಿಜವಾಗಿಯೂ ಕೆಮ್ಮಿ ತೋರಿಸಿದರು. “ನೋಡಿ, ಆ ಯಮ್ಮ ಜಿಲ್ಲೆಗೆ ಒಂದು ಸಾಲು ಬರೆದ್ರೆ ಸಾಕು, ನಿಮ್ಮ ಕಡತ ಅಲ್ಲೇ ಮುಗೀತು. ನಿಮ್ಮ ಮಾವನೋರಿಗೆ ಏನು ಹೇಳ್ತೀರೋ ಈಗ್ಲೇ ಯೋಚಿಸ್ಕೊಳಿ.”

ಸೋಮಶೇಖರಪ್ಪ ಯೋಚಿಸಿದ. ಯೋಚನೆಯಲ್ಲಿ ಮಾವ ಜಗಲಿಯ ಮೇಲೆ ಕೂತಿದ್ದರು; ಮಗು ಬಾಗಿಲ ಹಿಂದೆ ಅಂಬೆಗಾಲಿಡುತ್ತಿತ್ತು. ಅದು ಅಂಬೆಗಾಲಿಡುವುದನ್ನು ಇವನಿನ್ನೂ ನೋಡಿರಲಿಲ್ಲ, ಪಂಕಜಾಕ್ಷಿಯ ಕಾಗದದಲ್ಲಿ ಓದಿದ್ದ.

ಗುರುವಾರ ಡಾಕ್ಟರ್ ಮಲ್ಲಿಕಾಂಬ ಜೀಪಿನಲ್ಲಿ ಬಂದರು. ದಾವಣಗೆರೆ ಕಡೆಯ ಗಟ್ಟಿ ಹೆಂಗಸು. ಹತ್ತು ವರ್ಷದಿಂದ ಕಡಲ ತೀರದಲ್ಲಿ ಹಡಗು ಕಟ್ಟುವವರ ಕಣ್ಣು ನೋಡುತ್ತಿದ್ದವರು. ನೀರನ್ನು ಕೂಡ ನಿಂತೇ ಕುಡಿದು, “ಹೊರಡೋಣ” ಎಂದರು. ಹನುಮಂತಯ್ಯ ಮುಂದಿನ ಸೀಟಿನಲ್ಲಿ ದೇವರ ನಾಮ ಹೇಳಿಕೊಳ್ಳುತ್ತ ಕೂತರು. ಹಿಂದೆ ಡಾಕ್ಟರ ಎದುರಿಗೆ ಸೋಮಶೇಖರಪ್ಪ.

“ಹಡಗು ಎಷ್ಟು ಟನ್ನಿನದು?”

“ಎಂಟು ಜನ ಹಿಡಿಸ್ತಾರೆ ಮೇಡಂ. ಒತ್ತಿ ಕೂತ್ರೆ ಒಂಬತ್ತು.”

“ಲೇಸರ್ ಅಗತ್ಯ ಬಿದ್ದಾಗ ಅಂತ ಬರೆದಿದ್ದೀರಿ. ಅಗತ್ಯ ಯಾವಾಗ ಬೀಳುತ್ತೆ?”

“ಇನ್ನೂ ಬಿದ್ದಿಲ್ಲ ಮೇಡಂ.”

ಡಾಕ್ಟರು ಕಾಗದದ ಮೇಲೆ ಏನೋ ಗೀಚಿದರು. “ದೊಡ್ಡ ಹಡಗುಕಟ್ಟೆಗಳಲ್ಲಿ ಉಕ್ಕಿನ ಹಲಗೆ ಒಂದಕ್ಕೊಂದು ನೇರವಾಗಿ ಕೂತಿದೆಯೋ ಇಲ್ವೋ ಅಂತ ಆ ಬೆಳಕು ಬಿಟ್ಟು ನೋಡ್ತಾರೆ. ನೋಡೋಕೆ ದಾರದ ಎಳೆ. ಹೊಳೆಯೋ ತಗಡಿಗೆ ಬಿದ್ದು ವಾಪಸ್ ಕಣ್ಣಿಗೆ ಬಂತೋ, ಕಣ್ಣಿನ ಹಿಂಭಾಗ ಸುಟ್ಟು ಹೋಗುತ್ತೆ. ನೋವೂ ಆಗೋದಿಲ್ಲ. ಅದಕ್ಕೇ ನಾನು ಎಂಟು ಗಂಟೆ ಪ್ರಯಾಣ ಮಾಡಿಕೊಂಡು ಬಂದೆ. ಘಟ್ಟದ ಮೇಲೆ ಯಾರೋ ಒಬ್ಬ ಬಡವ ಲೇಸರ್ ಮುಂದೆ ಕೂತಿದ್ದಾನೆ ಅಂತ.”

ಅವರು ಗದರಿದ್ದರೆ ಸೋಮಶೇಖರಪ್ಪ ತಾಳಿಕೊಳ್ಳುತ್ತಿದ್ದ. ಆ ‘ಒಬ್ಬ ಬಡವ’ ಎಂಬ ಮಾತನ್ನು ತಾಳಲಾಗಲಿಲ್ಲ. ಇಲ್ಲದ ಬಡವನಿಗಾಗಿ ಈ ತಾಯಿ ಘಟ್ಟ ಹತ್ತಿ ಬಂದಿದ್ದಾರಲ್ಲ ಎನ್ನಿಸಿತು. ಜೀಪು ಗುಳ್ಳದಕೆರೆಯ ಏರಿ ಹತ್ತಿ ನಿಂತದ್ದೇ ತಡ, ಅವನು ಮೊದಲು ಹಾರಿ ಇಳಿದು, ಕೆರೆಗೆ ಬೆನ್ನು ಹಾಕಿ, ಡಾಕ್ಟರ ಮುಂದೆ ಕೈ ಮುಗಿದು ನಿಂತುಬಿಟ್ಟ.

“ಮೇಡಂ, ತಪ್ಪಾಯ್ತು. ಇಲ್ಲಿ ಹಡಗಿಲ್ಲ.”

ಡಾಕ್ಟರು ಅವನ ಭುಜದ ಮೇಲಿಂದ ಆಚೆ ನೋಡುತ್ತಿದ್ದರು.

“ಯಾವತ್ತೂ ಇರ್ಲಿಲ್ಲ ಮೇಡಂ. ಸೊನ್ನೆ ಬರೆದ್ರೆ ವಿವರಣೆ ಕೇಳ್ತಾರೆ ಅಂತ ಒಂದು ಬರೆದೆ. ಬೆಳಕೂ ಇಲ್ಲ, ಎಂಥದೂ ಇಲ್ಲ. ಇರೋದು ಒಂದು ಹರಿಗೋಲು.”

“ರೀ,” ಎಂದರು ಡಾಕ್ಟರು, “ಸ್ವಲ್ಪ ಹಿಂದೆ ತಿರುಗಿ...” ಅಷ್ಟರಲ್ಲಿ ಅವನ ಬೆನ್ನ ಹಿಂದಿನಿಂದ ಚರ್ ಎಂಬ ಸದ್ದು ಬಂತು. ಡಾಕ್ಟರ ಬಿಳಿ ಸೀರೆ ಒಮ್ಮೆಲೇ ನೀಲಿಯಾಯಿತು. “ತಿರುಗಬೇಡಿ! ಕಣ್ಣು ಮುಚ್ಚಿ! ಹನುಮಂತಯ್ಯನೋರೇ, ನೀವೂ!”

ಹನುಮಂತಯ್ಯನವರು ಜೀಪಿನೊಳಗೆ ಮೊದಲೇ ಕಣ್ಣು ಮುಚ್ಚಿ ಕೂತಿದ್ದರು.

ಡಾಕ್ಟರು ಕೈಚೀಲದಿಂದ ಕಪ್ಪು ಕನ್ನಡಕ ತೆಗೆದು ಹಾಕಿಕೊಂಡು, ಅಂಥದೇ ಇನ್ನೊಂದನ್ನು ಸೋಮಶೇಖರಪ್ಪನ ಮೂಗಿನ ಮೇಲೆ ಏರಿಸಿ, ಅವನ ಹೆಗಲು ಹಿಡಿದು ತಿರುಗಿಸಿದರು. ಕೆರೆಯ ದಡದಲ್ಲಿ, ಆಲದ ಮರದ ಪಕ್ಕ, ಹಡಗು ನಿಂತಿತ್ತು.

ಹಡಗು ಎಂದರೆ ಕಡೂರಿನ ಮಟ್ಟಿಗೆ ಹಡಗು. ಹನ್ನೆರಡು ಡಾಂಬರು ಡ್ರಮ್ಮುಗಳನ್ನು ಸೀಳಿ, ಬಡಿದು ಹಲಗೆ ಮಾಡಿ, ಒಂದಕ್ಕೊಂದು ಬೆಸೆದ ಕಬ್ಬಿಣದ ದೋಣಿ. ಎತ್ತಿನ ಗಾಡಿಯೆರಡರಷ್ಟು ಉದ್ದ. ಮೂತಿಯ ಮೇಲೆ ಸುಣ್ಣದಲ್ಲಿ ‘ಕ. ತಾ. ೧’ ಎಂದು ಬರೆದಿತ್ತು. ಪಕ್ಕದ ತೋಟದ ಲಕ್ಷ್ಮಣಪ್ಪನ ಪಂಪ್‌ಸೆಟ್ಟಿನ ಕರೆಂಟಿನಿಂದ ವೈರು ಎಳೆದು ವೆಲ್ಡಿಂಗ್ ಮಿಷಿನ್ನಿಗೆ ಕೊಟ್ಟಿದ್ದರು. ಬೀರೂರಿನಿಂದ ಬಂದ ವೆಲ್ಡರ್ ಅಜ್ಜಯ್ಯ ಕುಕ್ಕರುಗಾಲಲ್ಲಿ ಕೂತು ಬೆಸೆಯುತ್ತಿದ್ದ. ತಗಡು ಅಲ್ಲಾಡದಂತೆ ಎರಡು ಕೈಯಲ್ಲಿ ಹಿಡಿದು ಕೂತವನು ಕಲ್ಲಪ್ಪ. ಇಬ್ಬರ ಕಣ್ಣಿಗೂ ಏನೂ ಇರಲಿಲ್ಲ. ಅವರ ಸುತ್ತ ಊರಿನ ಇಪ್ಪತ್ತೊಂದು ಜನ ದೊಂಬರಾಟ ನೋಡುವವರಂತೆ ಬಾಯಿ ಬಿಟ್ಟುಕೊಂಡು ನಿಂತಿದ್ದರು. ಅಂಥ ಬೆಳಕನ್ನು ಅವರು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

“ನಿಲ್ಸಿ!” ಎಂದು ಡಾಕ್ಟರು ಕೂಗಿದ ರಭಸಕ್ಕೆ ಪಂಪ್‌ಸೆಟ್ಟೂ ನಿಂತಿತೆಂದು ಲಕ್ಷ್ಮಣಪ್ಪ ಇವತ್ತಿಗೂ ಹೇಳುತ್ತಾನೆ.

ಕಲ್ಲಪ್ಪ ಸೋಮಶೇಖರಪ್ಪನನ್ನು ಕಂಡು ಎದ್ದು ನಿಂತ. ಕಣ್ಣು ಕೆಂಡದಂತೆ ಕೆಂಪಾಗಿ ನೀರು ಸುರಿಯುತ್ತಿತ್ತು. ಮುಖದಲ್ಲಿ ಮಾತ್ರ ನಗು. “ಬನ್ನಿ ಸ್ವಾಮಿ. ಸರ್ಕಾರನೇ ನನ್ನ ಹಡಗಿನೋನು ಅಂದ್ಮೇಲೆ ಹರಿಗೋಲು ಇಟ್ಕಂಡು ಕುಂತ್ರೆ ಮರ್ಯಾದೆನಾ? ಊರೋರೆಲ್ಲ ಡ್ರಮ್ಮು ಕೊಟ್ರು. ಹುಣ್ಣಿಮೆಗೆ ನೀರಿಗೆ ಇಳಿಸ್ತೀವಿ.”

ಡಾಕ್ಟರು ಅವನನ್ನು ಆಲದ ಬೇರಿನ ಮೇಲೆ ಕೂರಿಸಿ ರೆಪ್ಪೆ ಎತ್ತಿ ನೋಡಿದರು. “ಸಂಜೆ ಆಗ್ತಿದ್ದಂಗೆ ಕಣ್ಣಿಗೆ ಮರಳು ಹಾಕಿ ಉಜ್ಜಿದಂಗೆ ಆಗುತ್ತಾ?”

“ನಿಮ್ಗೆ ಹೆಂಗೆ ಗೊತ್ತಾಯ್ತವ್ವ!”

“ಏನು ಹಾಕ್ಕೊಂಡೆ?”

“ಮಗಳು ಬಾಣಂತಿ ಅವ್ಳೆ. ಎದೆಹಾಲು ಎರಡು ತೊಟ್ಟು ಬಿಟ್ಕಂಡೆ. ಆಮೇಲೆ ಇಡೀ ಊರಿಗೇ ಬೇಕಾಯ್ತು. ನೋಡೋಕೆ ನಿಂತೋರಿಗೆಲ್ಲ ಕಣ್ಣುರಿ. ಪಾಪ, ಕೂಸಿಗೆ ಸಾಲ್ದಂಗಾಯ್ತು.”

“ಅಯ್ಯೋ ದೇವರೇ,” ಎಂದು ಡಾಕ್ಟರು ನಕ್ಕರು, ನಗುತ್ತಲೇ ಗದರಿದರು. “ಈ ಬೆಳಕು ಬಿದ್ದ ತಕ್ಷಣ ಸುಡೋದಿಲ್ಲ. ಐದಾರು ಗಂಟೆ ಬಿಟ್ಟು ಸುಡುತ್ತೆ. ಅದಕ್ಕೇ ನೀವು ಬೆಳಕಿನ ಮೇಲೆ ಅನುಮಾನ ಪಡ್ಲಿಲ್ಲ. ಇನ್ನೊಂದು ತಿಂಗಳು ಹೀಗೇ ಮಾಡಿದ್ರೆ ಹಡಗು ನೀರಿಗಿಳಿಯುತ್ತೆ, ಆದ್ರೆ ದಡ ಎಲ್ಲಿದೆ ಅಂತ ನಿಂಗೆ ಕಾಣ್ಸೋದಿಲ್ಲ.” ಆಮೇಲೆ ಅಜ್ಜಯ್ಯನ ಕಡೆ ತಿರುಗಿದರು. “ನೀನು ಕಸುಬುದಾರ. ನಿಂಗೂ ಗೊತ್ತಿಲ್ವಾ?”

“ನಂಗೆ ಏನೂ ಆಗಲ್ರವ್ವ. ಕಿಡಿ ಬರೋ ಹೊತ್ತಿಗೆ ಕಣ್ಣು ಮುಚ್ಕಂತೀನಿ.”

“ಮತ್ತೆ ಬೆಸುಗೆ ಎಲ್ಲಿ ಬಿತ್ತು ಅಂತ ಹೇಗೆ ಗೊತ್ತಾಗುತ್ತೆ?”

“ಆಮೇಲೆ ಹುಡುಕ್ತೀನಿ.”

ಡಾಕ್ಟರು ದೋಣಿಯ ಅಂಚಿನ ಮೇಲೆ ಬೆರಳಾಡಿಸಿದರು. ಬೆಸುಗೆ ಅರ್ಧ ತಗಡಿನ ಮೇಲೂ ಅರ್ಧ ಆಲದ ಬೇರಿನ ಮೇಲೂ ಬಿದ್ದಿತ್ತು. “ಇಲಾಖೆ ಕೊಟ್ಟ ಮುಖಕವಚ ಎಲ್ಲಿ?”

ಅಂಬಮ್ಮ ಸೆರಗಿನ ತುದಿಯಿಂದ ಜೋಳದ ಹೊಲದ ಕಡೆ ತೋರಿಸಿದಳು. ತೆನೆಗಳ ನಡುವೆ ಎರಡು ಕೋಲಿನ ಮೇಲೆ ಮುಖಕವಚ, ಚರ್ಮದ ಕೈಗವಸು, ಮುಂಗವಚ ಎಲ್ಲವೂ ಮಟ್ಟಸವಾಗಿ ಧರಿಸಿದ ಬೆದರುಬೊಂಬೆ ನಿಂತಿತ್ತು. ಇಡೀ ವ್ಯಾಪ್ತಿಯಲ್ಲಿ ನಿಯಮದಂತೆ ರಕ್ಷಣೆ ಪಡೆದಿದ್ದವನು ಅವನೊಬ್ಬನೇ.

“ಒಂದು ಗಿಳಿ ಬರ್ಲಿಲ್ರವ್ವ ಈ ವರ್ಷ,” ಎಂದಳು ಅಂಬಮ್ಮ ಸಂಕೋಚದಿಂದ.

ಆ ಮಧ್ಯಾಹ್ನವೇ ಬೆದರುಬೊಂಬೆಯನ್ನು ಬಿಚ್ಚಿ ಅಜ್ಜಯ್ಯನಿಗೆ ತೊಡಿಸಲಾಯಿತು. ಕಲ್ಲಪ್ಪನಿಗೆ ಡಾಕ್ಟರು ತಮ್ಮ ಬಳಿಯ ದಪ್ಪ ಕಪ್ಪು ಕನ್ನಡಕವನ್ನೂ ಕಣ್ಣಿಗೆ ಬಿಡುವ ಔಷಧಿಯನ್ನೂ ಕೊಟ್ಟು, ಹತ್ತು ದಿನ ತಗಡು ಮುಟ್ಟಬಾರದೆಂದು ಆಣೆ ಹಾಕಿಸಿದರು. ನೋಡಲು ನಿಂತವರಿಗೆ ಕೆಲಸದ ಸುತ್ತ ಗೋಣಿಚೀಲದ ಮರೆ ಕಟ್ಟಿಸಿದರು. “ಒಳಗೆ ಇಣುಕಿದೋರಿಗೆ ನಾನು ಔಷಧಿ ಕೊಡೋದಿಲ್ಲ” ಎಂದಾಗ ಇಣುಕುತ್ತಿದ್ದವರು ಹಿಂದೆ ಸರಿದರು. ಅಜ್ಜಯ್ಯ ಕವಚದೊಳಗಿನಿಂದ ಮೊದಲ ಸಲ ಕಣ್ಣು ತೆರೆದು ಬೆಸೆದು, “ಅಯ್ಯಯ್ಯೋ, ಇದು ಎಲ್ಲಿ ಬೀಳ್ತೈತೆ ಅಂತ ಕಾಣ್ತೈತಲ್ರವ್ವಾ!” ಎಂದು ಕೂಗಿದ. ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಅವನು ತನ್ನ ಬೆಸುಗೆಯನ್ನು ಬೀಳುವಾಗಲೇ ಕಂಡದ್ದು ಅಂದೇ.

ಹೊರಡುವಾಗ ಕಲ್ಲಪ್ಪ ಜೀಪಿನ ಬಳಿ ಬಂದ. “ಅವ್ವಾ, ಆ ಲೇಸರ್ ಅನ್ನೋದು ನಮ್ಗೆ ಯಾವಾಗ ಬತ್ತೈತೆ?”

“ನಿನ್ನ ಅದೃಷ್ಟ ಚೆನ್ನಾಗಿದ್ರೆ ಬರೋದೇ ಇಲ್ಲ ಕಣಪ್ಪ.”

ಜೀಪಿನಲ್ಲಿ ಸೋಮಶೇಖರಪ್ಪ ಮತ್ತೆ ಕೈ ಮುಗಿದ. ಡಾಕ್ಟರು ಅವನನ್ನು ನೋಡಲಿಲ್ಲ, ಬರೆಯುತ್ತಿದ್ದರು. “ನೀವು ಕೊಟ್ಟ ಅಂಕಿ ತಪ್ಪು,” ಎಂದಷ್ಟೇ ಹೇಳಿದರು. ಮುಂದಿನ ಸೀಟಿನಿಂದ ಹನುಮಂತಯ್ಯನವರು ತಟ್ಟನೆ ತಿರುಗಿ, “ನಾನು ಅವತ್ತೇ ಅಂದಿದ್ದೆ ಮೇಡಂ” ಎಂದರು. ಏನಂದಿದ್ದೆ ಎಂಬುದನ್ನು ಗಾಳಿ ಎತ್ತ ಬೀಸುತ್ತದೆಂದು ನೋಡಿಕೊಂಡು ಆಮೇಲೆ ಹೇಳುವ ಹಾಗೆ ಬಾಕಿ ಇಟ್ಟುಕೊಂಡರು.

ಸಂಕ್ರಾಂತಿ ಬಂತು. ಎಳ್ಳು ಬೆಲ್ಲದ ಬದಲು ಸೋಮಶೇಖರಪ್ಪನಿಗೆ ಜಿಲ್ಲೆಯಿಂದ ಒಂದು ಕಾಗದ ಬಂತು. ‘ಶ್ರೀ ಸೋಮಶೇಖರಪ್ಪ, ಗುಮಾಸ್ತರು, ಇವರಿಗೆ. ಗುಳ್ಳದಕೆರೆ ಹಡಗು ನಿರ್ಮಾಣ ಸ್ಥಳದಲ್ಲಿ ಅಪಾಯಕಾರಿ ಬೆಳಕಿಗೆ ಒಡ್ಡಿಕೊಂಡವರು ಇಪ್ಪತ್ತಮೂರು ಜನ ಇದ್ದರೂ ತಾವು ಒಬ್ಬರೆಂದು ಮಾತ್ರ ತೋರಿಸಿರುತ್ತೀರಿ. ಇಪ್ಪತ್ತೆರಡು ಜನರನ್ನು ಕಡಿಮೆ ತೋರಿಸಿದ್ದೇಕೆ ಎಂಬುದಕ್ಕೆ ಏಳು ದಿನದೊಳಗೆ ಲಿಖಿತ ವಿವರಣೆ ನೀಡತಕ್ಕದ್ದು.’

ಹನುಮಂತಯ್ಯನವರು ಓದಿ ತಲೆಯಾಡಿಸಿದರು. “ಇದನ್ನೇ ಅಂದಿದ್ದೆ ನೋಡಿ. ಕಡಿಮೆ ಆಯ್ತು ಅಂತ.”

ಸೋಮಶೇಖರಪ್ಪ ಕಾಗದವನ್ನು ಜೇಬಿಗೆ ಹಾಕಿಕೊಂಡು ಬೀರೂರಿಗೆ ಹೊರಟ. ಎಲ್ಲ ಮುಗಿದ ಮೇಲೆ ಮಾವನ ಬಾಯಿಂದ ಕೇಳುವುದಕ್ಕಿಂತ ತಾನೇ ಹೇಳಿಬಿಡುವುದು ಮೇಲು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಜಗಲಿ ಹತ್ತಿದಾಗ ಜೋಡಿಸಿದ್ದೆಲ್ಲ ಬಿಚ್ಚಿಹೋಯಿತು. ಸುಮ್ಮನೆ ಕಾಗದವನ್ನು ಮಾವನ ಕೈಗೆ ಕೊಟ್ಟು ಕಂಬಕ್ಕೆ ಒರಗಿ ನಿಂತ.

ತೀರ್ಥಪ್ಪನವರು ಕನ್ನಡಕ ಹಾಕಿಕೊಂಡು ಓದಿದರು. ತಿರುಗಿಸಿ ಮೊಹರು ನೋಡಿದರು. ಮತ್ತೆ ಮೊದಲಿನಿಂದ ಓದಿದರು. ಒಳಗಡೆ ಬಾಗಿಲ ಸಂದಿಯಲ್ಲಿ ಪಂಕಜಾಕ್ಷಿಯ ಸೀರೆಯ ಅಂಚು ಕಾಣುತ್ತಿತ್ತು.

“ಅಳಿಯಂದ್ರೇ, ಇದನ್ನ ಯಾಕ್ರೀ ಇಷ್ಟು ಹೊತ್ತು ಜೇಬಲ್ಲಿ ಇಟ್ಕೊಂಡಿದ್ರಿ?”

“ನಾಚಿಕೆ ಆಯ್ತು ಮಾವ.”

“ಯಾಕ್ರೀ ನಾಚಿಕೆ? ಮೂವತ್ತು ವರ್ಷ ಮಂಡಿ ನಡೆಸಿದೀನಿ, ಎಷ್ಟು ಜನ ಸರ್ಕಾರಿ ನೌಕರರನ್ನ ನೋಡಿಲ್ಲ ನಾನು? ಹಂಗಾಮಿಯೋನು ತಪ್ಪು ಮಾಡಿದ್ರೆ ನಾಳೆಯಿಂದ ಬರ್ಬೇಡ ಅಂತಾರೆ, ಮುಗೀತು. ಅವನತ್ರ ಯಾರು ಕೂತ್ಕೊಂಡು ವಿವರಣೆ ಕೇಳ್ತಾರೆ? ಏಳು ದಿನ ಟೈಮು, ಮೊಹರು, ಶ್ರೀ ಅಂತ ಬೇರೆ ಹಾಕವ್ರೆ. ಇಲ್ನೋಡಿ, ‘ಗುಮಾಸ್ತರು’ ಅಂತ ಬರೆದವ್ರೆ. ‘ಹಂಗಾಮಿ’ ಎಲ್ಲೈತೆ?”

ಸೋಮಶೇಖರಪ್ಪ ಕಾಗದವನ್ನು ಇಸಿದುಕೊಂಡು ನೋಡಿದ. ಆರು ವರ್ಷ ತನ್ನ ಹೆಸರಿನ ಹಿಂದೆ ಬಾಲದಂತೆ ಬರುತ್ತಿದ್ದ ಆ ಮಾತು ನಿಜಕ್ಕೂ ಇರಲಿಲ್ಲ. ಕೆಳಗೆ, ಸಣ್ಣ ಅಕ್ಷರದಲ್ಲಿ, ಅವನು ಭಯಕ್ಕೆ ಓದದೇ ಬಿಟ್ಟ ಒಂದು ಸಾಲಿತ್ತು: ‘ಇವರನ್ನು ಈ ತಿಂಗಳ ಒಂದರಿಂದ ಕಾಯಂಗೊಳಿಸಿರುವುದರಿಂದ ವಿವರಣೆಯನ್ನು ಸೇವಾ ಪುಸ್ತಕದಲ್ಲಿ ದಾಖಲಿಸುವುದು.’

“ಪಂಕಜಾ!” ಎಂದು ತೀರ್ಥಪ್ಪನವರು ಒಳಗೆ ಕೂಗಿದರು. “ಮಗೂ ಬಟ್ಟೆ ಕಟ್ಕೋ ತಾಯಿ. ನಿನ್ನ ಗಂಡನಿಗೆ ಮೇಲಿನೋರು ಬೈದವ್ರೆ. ಕೆಲ್ಸ ಗಟ್ಟಿ ಆಯ್ತು!”

ಕಟ್ಟಿಕೊಳ್ಳುವಂಥದೇನೂ ಇರಲಿಲ್ಲ. ಪಂಕಜಾಕ್ಷಿ ಎರಡು ತಿಂಗಳಿಂದ ಟ್ರಂಕು ತುಂಬಿಯೇ ಇಟ್ಟಿದ್ದಳು.

ಕಡೂರಿನ ಬಸ್ಸಿನಲ್ಲಿ ಮೂವರಿಗೂ ಕೂರಲು ಜಾಗ ಸಿಕ್ಕಿತು. ಮಗು ಅಪ್ಪನ ತೊಡೆಯ ಮೇಲೆ ಕೂತು ಅವನ ಗುಂಡಿ ಕೀಳತೊಡಗಿತು. ಪಂಕಜಾಕ್ಷಿ ಕಾಗದವನ್ನು ತಾನೂ ಓದಿ ಮಡಿಸಿದಳು.

“ಅಲ್ಲಾ ಕಣ್ರೀ, ನೋಡದೇ ಒಂದು ಅಂತ ಯಾಕ್ ಬರೆದ್ರಿ?”

“ಸೊನ್ನೆ ಬರೆದ್ರೆ ಕೇಳ್ತಾರೆ ಅಂತ.”

“ಒಂದು ಬರೆದಿದ್ದಕ್ಕೂ ಕೇಳಿದ್ರಲ್ಲ.”

“ಹೂಂ,” ಎಂದ ಸೋಮಶೇಖರಪ್ಪ. ಹಾಗೆಂದು ಅವನಿಗೇ ಹೆದರಿಕೆಯಾಯಿತು.

ಕಂಡಕ್ಟರು ಬಂದು ಕಂಬಿಗೆ ಒರಗಿ ನಿಂತ. “ಎಷ್ಟು ಜನ ಸ್ವಾಮಿ?”

ಸೋಮಶೇಖರಪ್ಪ ಉತ್ತರ ಕೊಡುವ ಮೊದಲು ಹೆಂಡತಿಯನ್ನು ನೋಡಿದ, ಮಗುವನ್ನು ನೋಡಿದ, ತನ್ನ ಎದೆಯನ್ನೂ ಒಮ್ಮೆ ಮುಟ್ಟಿ ನೋಡಿಕೊಂಡ. “ಮೂರು ಜನ.”

“ಕೈಗೂಸಿಗೆ ಟಿಕೇಟಿಲ್ಲ ಕಣ್ರೀ. ಎರಡು ಹರೀತೀನಿ.”

“ಬೇಡ್ರೀ,” ಎಂದ ಸೋಮಶೇಖರಪ್ಪ. ಜೀವನದಲ್ಲಿ ಮೊದಲ ಸಲ ಅವನ ದನಿ ಬಸ್ಸಿನ ಹಿಂದಿನ ಸೀಟಿನವರೆಗೂ ಕೇಳಿಸಿತು. “ಮೂರೇ ಹರೀರಿ. ನಾನೇ ಎಣಿಸಿದೀನಿ.”